ನಿರ್ಬಂಧ ಹೇರುವುದು ಸುಲಭ, ತೆಗೆಯುವವರು ಯಾರು?

2017ರ ಜನವರಿಯಲ್ಲಿ ಟೆಹರಾನಿನ ಮೆಹ್ರಾಬಾದ್ ನಿಲ್ದಾಣದಲ್ಲಿ ಹೊಚ್ಚಹೊಸ ಏರ್‌ಬಸ್ ವಿಮಾನವೊಂದು ಇಳಿಯಿತು. ಬೇರೆ ದೇಶಗಳಲ್ಲಿ ಇದು ಸುದ್ದಿಯೇ ಅಲ್ಲ. ಇರಾನಿನಲ್ಲಿ ಅದನ್ನು ಬರಮಾಡಿಕೊಳ್ಳಲು ಮಂತ್ರಿಯೇ ಬಂದಿದ್ದರು. ದಶಕಗಳ ಕಾಲ ಬಿಡಿಭಾಗಕ್ಕೂ ಅಡ್ಡದಾರಿ ಹುಡುಕುತ್ತ ಹಳೆಯ ವಿಮಾನಗಳನ್ನೇ ಹಾರಿಸುತ್ತಿದ್ದ ದೇಶ ಅದು. ಇರಾನ್ ಏರ್ ಆ ಹೊತ್ತಿಗೆ ಏರ್‌ಬಸ್‌ನಿಂದ 100, ಬೋಯಿಂಗ್‌ನಿಂದ 80 ವಿಮಾನ ಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಕೊನೆಗೆ ಏರ್‌ಬಸ್‌ನಿಂದ ಕೈಗೆ ಸಿಕ್ಕಿದ್ದು ಮೂರು. ಎಟಿಆರ್ ಕಂಪನಿಯ 13 ಸಣ್ಣ ವಿಮಾನ ಬಂದವು. ಬೋಯಿಂಗ್‌ನಿಂದ ಒಂದೂ ಬರಲಿಲ್ಲ.

ಆ ವಿಮಾನಗಳಿಗಾಗಿ ಇರಾನ್ ದುಡ್ಡಿನ ಜತೆಗೆ ಬೇರೆಯದನ್ನೂ ತೆತ್ತಿತ್ತು. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ ಮತ್ತು ಚೀನಾ ಜತೆ ಆದ ಅಣು ಒಪ್ಪಂದದಂತೆ ಅದು ಯುರೇನಿಯಂ ಪುಷ್ಟೀಕರಿಸುವ ಸುಮಾರು 19 ಸಾವಿರ ಸೆಂಟ್ರಿಫ್ಯೂಜ್ ಯಂತ್ರಗಳಲ್ಲಿ ಮೂರನೇ ಎರಡು ಭಾಗವನ್ನು ಕಳಚಿತು. ಪುಷ್ಟೀಕರಿಸಿದ ಯುರೇನಿಯಂನ ಬಹುಪಾಲನ್ನು ಹಡಗಿಗೆ ಹೇರಿ ರಷ್ಯಾಕ್ಕೆ ಕಳಿಸಿ 300 ಕೆ.ಜಿ. ಮಿತಿಯೊಳಗೆ ಉಳಿಸಿಕೊಂಡಿತು. ಅರಾಕ್‌ನ ಭಾರಜಲ ರಿಯಾಕ್ಟರಿನ ಒಡಲಿಗೆ ಕಾಂಕ್ರೀಟ್ ಸುರಿಯಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇದನ್ನೆಲ್ಲ ಪರೀಕ್ಷಿಸಿ ಸರಿಯಿದೆ ಎಂದ ಮೇಲೆ, 2016ರ ಜನವರಿ 16ರಂದು ನಿರ್ಬಂಧಗಳು ತೆರವಾದವು. 2018ರ ಮೇ 8ರಂದು ಡೊನಾಲ್ಡ್ ಟ್ರಂಪ್ ಒಪ್ಪಂದದಿಂದ ಹೊರನಡೆದರು. ಪುಷ್ಟೀಕರಣದ ಮಿತಿಗಳನ್ನು ಇರಾನ್ ಪಾಲಿಸುತ್ತಿದೆ ಎಂದೇ ಆ ಸಂಸ್ಥೆ ಆವರೆಗೂ ವರದಿ ಮೇಲೆ ವರದಿ ಕೊಡುತ್ತಿತ್ತು.

ಇರಾನಿನ ವಿಷಯ ಬಂದಾಗಲೆಲ್ಲ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ: ನಿರ್ಬಂಧ ಬೇಕೋ, ಮಾತುಕತೆ ಬೇಕೋ? ಒಬ್ಬರು ಕಠೋರರು, ಇನ್ನೊಬ್ಬರು ಮೃದು. ಈ ಪ್ರಶ್ನೆಯೇ ಅಡ್ಡಹಾದಿಗೆ ಎಳೆಯುತ್ತದೆ ಎಂಬುದು ನನ್ನ ಅನಿಸಿಕೆ. ನಿರ್ಬಂಧಕ್ಕೆ ಬೆಲೆ ಬರುವುದು ಅದನ್ನು ತೆಗೆಯುವ ಭರವಸೆ ಗಟ್ಟಿಯಾಗಿದ್ದಾಗ ಮಾತ್ರ. ಗಿರವಿ ಅಂಗಡಿಯವನು ಅಸಲು ಬಡ್ಡಿ ಎರಡೂ ಎಣಿಸಿಕೊಂಡ ಮೇಲೆ ಒಡವೆ ವಾಪಸು ಕೊಡದಿದ್ದರೆ, ಮರುಸಲ ಆ ಅಂಗಡಿಗೆ ಸಾಲ ತೀರಿಸಲು ಯಾರು ಹೋಗುತ್ತಾರೆ? ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಇರಾನ್ ಪ್ರಕರಣವನ್ನು ಈ ಒಂದು ಪ್ರಶ್ನೆ ಹಿಡಿದು ನೋಡಿದರೆ, ಗೋಜಲಾಗಿ ಕಾಣುವ ಹಲವು ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಮೊದಲು ಜಗಳ ಯಾವುದರ ಮೇಲೆ ಎನ್ನುವುದು ತಿಳಿಯಬೇಕು. ಗಣಿಯಿಂದ ಬರುವ ಯುರೇನಿಯಂನಲ್ಲಿ ಸಾವಿರ ಪರಮಾಣುಗಳಿಗೆ ಏಳು ಮಾತ್ರ ಯು-235. ವಿದ್ಯುತ್ತಿಗಾಗಲಿ ಬಾಂಬಿಗಾಗಲಿ ಬೇಕಾದದ್ದು ಅದೇ. ಉಳಿದ 993 ತುಸು ಭಾರದ ಯು-238. ಸೆಂಟ್ರಿಫ್ಯೂಜ್ ಎಂಬ ಉದ್ದ ಕೊಳವೆಯಂಥ ಯಂತ್ರ, ಅನಿಲ ರೂಪಕ್ಕೆ ತಂದ ಯುರೇನಿಯಂ ಅನ್ನು ವಿಪರೀತ ವೇಗದಲ್ಲಿ ತಿರುಗಿಸಿ ಭಾರದ್ದನ್ನು ಸ್ವಲ್ಪಸ್ವಲ್ಪವಾಗಿ ಬೇರೆ ಮಾಡುತ್ತದೆ. ಹೀಗೆ ಯು-235ರ ಪಾಲು ಹೆಚ್ಚಿಸುವುದೇ ಪುಷ್ಟೀಕರಣ. ಇನ್ನು ಲೆಕ್ಕ ನೋಡಿ. ವಿದ್ಯುತ್ ಸ್ಥಾವರಕ್ಕೆ ಬೇಕಾಗುವ ಶೇ 4ರ ಮಟ್ಟ ಮುಟ್ಟಲು ಆ 993ರಲ್ಲಿ 825ನ್ನು ಹೊರಹಾಕಬೇಕು. ಅಲ್ಲಿಂದ ಶೇ 20ಕ್ಕೆ ಹೋಗಲು ಇನ್ನು 140. ಶೇ 60ಕ್ಕೆ ಮತ್ತೆ 23. ಅಲ್ಲಿಂದ ಬಾಂಬಿಗೆ ಬೇಕಾದ ಶೇ 90ಕ್ಕೆ ಏರಲು ಬರೀ ನಾಲ್ಕು. ಕಾರ್ಖಾನೆಯಲ್ಲಿ ಲೆಕ್ಕ ಇಷ್ಟು ನಯವಾಗಿರುವುದಿಲ್ಲವಾದರೂ ಸಂಗತಿ ಇಷ್ಟೇ: ಕಷ್ಟವೆಲ್ಲ ಮೊದಲ ಮೆಟ್ಟಿಲಲ್ಲಿದೆ. ಶೇ 60ರವರೆಗೆ ಬಂದವನು ಅಕ್ಷರಶಃ ಬಾಗಿಲಲ್ಲೇ ನಿಂತಿದ್ದಾನೆ. ‘ವಿದ್ಯುತ್ತಿಗಾಗಿ’ ಎನ್ನುವ ಇರಾನಿನ ಮಾತನ್ನು ಶೇ 4ರವರೆಗೆ ನಂಬಬಹುದು, ಶೇ 20ರ ತನಕ ವೈದ್ಯಕೀಯ ಐಸೊಟೋಪುಗಳ ನೆಪ ಇದೆ. ಶೇ 60ಕ್ಕೆ ನಾಗರಿಕ ಕಾರಣ ಹುಡುಕುವುದು ಬಹಳ ಕಷ್ಟ.

2015ರ ಒಪ್ಪಂದ ಈ ಮಟ್ಟವನ್ನು ಶೇ 3.67ಕ್ಕೆ ಕಟ್ಟಿಹಾಕಿತ್ತು. ಇರಾನ್ ಮನಸ್ಸು ಮಾಡಿದರೂ ಒಂದು ಬಾಂಬಿನಷ್ಟು ವಸ್ತು ಕೂಡಿಹಾಕಲು ಒಂದು ವರ್ಷ ಹಿಡಿಯಬೇಕು ಎನ್ನುವುದು ಅದರ ಹಿಂದಿನ ಲೆಕ್ಕಾಚಾರ. ಒಪ್ಪಂದಕ್ಕೆ ಮುಂಚೆ ಈ ಅವಧಿ ಎರಡು ಮೂರು ತಿಂಗಳು ಎಂದು ಅಮೆರಿಕ ಅಂದಾಜು ಮಾಡಿತ್ತು.

ಈಗ ಹಿಂದಕ್ಕೆ ಹೋಗೋಣ. ಇರಾನಿಗೆ ಮೊದಲ ಸಂಶೋಧನಾ ರಿಯಾಕ್ಟರ್ ಕೊಟ್ಟಿದ್ದು ಅಮೆರಿಕವೇ. ಅದು ದೊರೆ ಶಹಾನ ಕಾಲ, 1967. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಇರಾನ್ 1968ರಲ್ಲೇ ಸಹಿ ಹಾಕಿತ್ತು. 1979ರ ಕ್ರಾಂತಿಯಿಂದ ಎಲ್ಲ ನಿಂತಿತು, ಆಮೇಲೆ ಗುಟ್ಟಾಗಿ ಮರಳಿ ಶುರುವಾಯಿತು. 2002ರ ಆಗಸ್ಟ್‌ನಲ್ಲಿ ನತಾಂಜ್ ಮತ್ತು ಅರಾಕ್‌ನಲ್ಲಿ ಬಚ್ಚಿಟ್ಟ ಕಾಮಗಾರಿ ನಡೆದಿದೆ ಎಂದು ದೇಶಭ್ರಷ್ಟ ವಿರೋಧಿ ಗುಂಪೊಂದು ಬಯಲು ಮಾಡಿತು. ಇಂದಿನ ಬಿಕ್ಕಟ್ಟು ಹುಟ್ಟಿದ್ದು ಅಲ್ಲಿ. ಇರಾನಿನ ಪರ ವಾದಿಸುವವರು ಈ ಸಾಲನ್ನು ಹಾರಿಸಿಬಿಡುತ್ತಾರೆ, ಹಾರಿಸಬಾರದು. ಒಪ್ಪಂದಕ್ಕೆ ಸಹಿ ಮಾಡಿ ತನಿಖೆಗೆ ಒಪ್ಪಿದ ದೇಶ ಇಡೀ ಕಾರ್ಖಾನೆಯನ್ನೇ ನೆಲದಡಿ ಮುಚ್ಚಿಟ್ಟಿದ್ದು ಸಣ್ಣ ಮಾತಲ್ಲ. 2009ರಲ್ಲಿ ಕೋಮ್ ನಗರದ ಬಳಿ ಬೆಟ್ಟದ ಒಡಲಲ್ಲಿ ಫೋರ್ದೊ ಸ್ಥಾವರ ಇರುವುದೂ ಹೀಗೆಯೇ, ಅನ್ಯರು ಪತ್ತೆ ಹಚ್ಚುವ ಹೊತ್ತಿಗೆ ಹೊರಬಿತ್ತು.

ಮೊದಲ ಸುತ್ತಿನಲ್ಲಿ ಬರೀ ಮಾತುಕತೆ ನಡೆಯಿತು. 2003ರ ಅಕ್ಟೋಬರಿನಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿಯ ವಿದೇಶಾಂಗ ಸಚಿವರು ಟೆಹರಾನಿಗೆ ಹೋದರು, ಇರಾನ್ ಪುಷ್ಟೀಕರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆಗ ಅದರ ಬಳಿ ಇದ್ದ ಯಂತ್ರಗಳು ನೂರರ ಲೆಕ್ಕದಲ್ಲಿ. 2005ರ ವಸಂತದಲ್ಲಿ ಮೂರು ಸಾವಿರ ಸೆಂಟ್ರಿಫ್ಯೂಜ್‌ಗಳಿಗೆ ಮಿತಿ ಹಾಕಿಕೊಳ್ಳುವ ಪ್ರಸ್ತಾಪವನ್ನೂ ಅದು ಮುಂದಿಟ್ಟಿತು. ಒಂದು ಯಂತ್ರವೂ ಕೂಡದು ಎಂದು ಅಮೆರಿಕ ಪಟ್ಟು ಹಿಡಿದಿತ್ತು, ಮಾತುಕತೆಯ ಮೇಜಿಗೇ ಅದು ಬಂದಿರಲಿಲ್ಲ. ಯುರೋಪಿಯನ್ನರು ಏನು ಕೊಡಬಲ್ಲವರಾಗಿದ್ದರು? ಇರಾನ್ ಬಯಸುತ್ತಿದ್ದ ಬ್ಯಾಂಕ್, ವಿಮಾನ, ಹೂಡಿಕೆ ಎಲ್ಲದರ ಕೀಲಿಕೈ ಇದ್ದದ್ದು ವಾಷಿಂಗ್ಟನ್ನಿನಲ್ಲಿ. ಆ ಮಾತುಕತೆ ಸತ್ತದ್ದು ಹೀಗೆ. ಮಾತುಕತೆಯೇ ಮದ್ದು ಎನ್ನುವವರು ಈ ಎರಡು ವರ್ಷವನ್ನು ನೆನಪಿಡಬೇಕು: ಕೊಡಲು ಕೈಯಲ್ಲಿ ಏನೂ ಇಲ್ಲದವನ ರಾಜತಾಂತ್ರಿಕತೆ ಚಹಾಕೂಟದ ಮಟ್ಟದಲ್ಲೇ ಉಳಿಯುತ್ತದೆ. 2005ರ ಜೂನ್‌ನಲ್ಲಿ ಅಧ್ಯಕ್ಷ ಚುನಾವಣೆಯನ್ನು ಮಹಮೂದ್ ಅಹ್ಮದಿನೆಜಾದ್ ಗೆದ್ದರು, ಆಗಸ್ಟ್‌ನಲ್ಲಿ ಯುರೇನಿಯಂ ಅನ್ನು ಅನಿಲ ರೂಪಕ್ಕೆ ತರುವ ಇಸ್ಫಹಾನ್ ಘಟಕ ಮತ್ತೆ ಶುರುವಾಯಿತು.

ಎರಡನೇ ಸುತ್ತಿನಲ್ಲಿ ಬರೀ ನಿರ್ಬಂಧ. 2006ರಿಂದ 2010ರ ನಡುವೆ ಭದ್ರತಾ ಮಂಡಳಿ ನಾಲ್ಕು ಕಂತು ನಿರ್ಬಂಧ ಹೇರಿತು. ಆ ಅವಧಿಯಲ್ಲಿ ಸೆಂಟ್ರಿಫ್ಯೂಜ್‌ಗಳು ನೂರರಿಂದ ಸಾವಿರಗಳಿಗೆ ಏರಿದವು. 2012ರಲ್ಲಿ ಏಟು ನಿಜಕ್ಕೂ ಬಿದ್ದಿತು. ಇರಾನಿನ ಕೇಂದ್ರ ಬ್ಯಾಂಕಿನ ಜತೆ ವ್ಯವಹರಿಸುವ ಯಾವುದೇ ದೇಶದ ಬ್ಯಾಂಕನ್ನು ಅಮೆರಿಕದ ಮಾರುಕಟ್ಟೆಯಿಂದ ಹೊರಹಾಕುವ ಕಾನೂನು ಬಂತು, ಸ್ವಿಫ್ಟ್ ಎಂಬ ಬ್ಯಾಂಕುಗಳ ಸಂದೇಶ ಜಾಲದಿಂದ ಇರಾನಿನ ಬ್ಯಾಂಕುಗಳನ್ನು ಕಡಿದುಹಾಕಲಾಯಿತು, ಜುಲೈ 1ರಿಂದ ಯುರೋಪ್ ತೈಲ ಕೊಳ್ಳುವುದನ್ನೇ ನಿಲ್ಲಿಸಿತು. ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್ ಇದ್ದ ತೈಲ ರಫ್ತು ಅರ್ಧಕ್ಕಿಂತ ಕೆಳಗಿಳಿಯಿತು. ಸೆಂಟ್ರಿಫ್ಯೂಜ್‌ಗಳು ಮಾತ್ರ 2013ರ ಹೊತ್ತಿಗೆ 19 ಸಾವಿರ ಮುಟ್ಟಿದ್ದವು.

2012ರ ಪೆಟ್ಟೇ ಇರಾನನ್ನು ಮೇಜಿಗೆ ತಂದಿತು ಎಂಬ ವಾದ ಇದೆ. ಅರ್ಧ ನಿಜ. 2013ರ ಚುನಾವಣೆಯಲ್ಲಿ ಹಸನ್ ರೂಹಾನಿ, ಯಂತ್ರಗಳು ತಿರುಗಿದರೆ ಸಾಲದು, ಜನರ ಬದುಕಿನ ಚಕ್ರವೂ ತಿರುಗಬೇಕು ಎಂಬರ್ಥದ ಮಾತಾಡಿಯೇ ಗೆದ್ದರು. 2003ರಲ್ಲಿ ಯುರೋಪಿಯನ್ನರ ಎದುರು ಕೂತಿದ್ದ ಸಂಧಾನಕಾರ ಇದೇ ರೂಹಾನಿ. ಆದರೆ ಅವರು ಗೆಲ್ಲುವುದಕ್ಕೂ ಮುಂಚೆಯೇ ಒಮಾನ್ ಮಧ್ಯಸ್ಥಿಕೆಯಲ್ಲಿ ಗುಟ್ಟಿನ ಮಾತುಕತೆ ಶುರುವಾಗಿತ್ತು, ಅಲ್ಲಿ ಅಮೆರಿಕವೂ ಒಂದು ಹೆಜ್ಜೆ ಹಿಂದಿಟ್ಟಿತು. ಇರಾನಿನ ನೆಲದಲ್ಲಿ ಮಿತಿಯೊಳಗಿನ ಪುಷ್ಟೀಕರಣ ನಡೆಯಬಹುದು ಎಂದು ಒಪ್ಪಿತು. ಹತ್ತು ವರ್ಷ ಜಪಿಸಿದ ‘ಸೊನ್ನೆ’ಯನ್ನು ಬಿಟ್ಟುಕೊಟ್ಟ ಮೇಲೆಯೇ ಮುಂದಿನದು ಸಾಧ್ಯವಾದದ್ದು. 2013ರ ನವೆಂಬರಿನಲ್ಲಿ ಜಿನೀವಾದಲ್ಲಿ ತಾತ್ಕಾಲಿಕ ಒಪ್ಪಂದ ಆಯಿತು, ಇರಾನಿನದ್ದೇ ಆದ ತಡೆಹಿಡಿದ ಹಣದಲ್ಲಿ 420 ಕೋಟಿ ಡಾಲರ್ ಕಂತುಕಂತಾಗಿ ಅದಕ್ಕೆ ಬಿಡುಗಡೆಯಾಯಿತು. ಕಂತುಕಂತಾಗಿ ಎನ್ನುವುದನ್ನು ಗಮನಿಸಿ. ಇವರು ಒಂದು ಕೆಲಸ ಮಾಡಿದರೆ ಅವರು ಒಂದು ಕಂತು ಬಿಡುತ್ತಾರೆ. ಇಡೀ ಕಥೆಯಲ್ಲಿ ಎರಡೂ ಕಡೆಯವರು ಕೊಟ್ಟ ಮಾತನ್ನು ಸರಿಯಾದ ದಿನಕ್ಕೆ ನಡೆಸಿಕೊಟ್ಟ ಅಪರೂಪದ ಕಾಲ ಅದು.

ಹಾಗಿದ್ದರೆ 2016ರ ಮೇಲೂ ವಿಮಾನಗಳು ಯಾಕೆ ಬರಲಿಲ್ಲ? ಟ್ರಂಪ್ ಬಂದದ್ದು ಆಮೇಲಲ್ಲವೇ? ಇಲ್ಲಿಯೇ ನಿರ್ಬಂಧ ಎಂಬ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ನೋಡಬೇಕು.

ಅಮೆರಿಕದ ನಿರ್ಬಂಧ ಒಂದೇ ಪದರದ್ದಲ್ಲ. ಅಣು ಕಾರ್ಯಕ್ರಮಕ್ಕೆ ಒಂದು, ಕ್ಷಿಪಣಿಗೆ ಇನ್ನೊಂದು, ಭಯೋತ್ಪಾದನೆಗೆ ಬೆಂಬಲ ಎಂದು ಮತ್ತೊಂದು, ಮಾನವ ಹಕ್ಕಿಗೆ ಬೇರೆಯದು. 2015ರ ಒಪ್ಪಂದ ಮುಟ್ಟಿದ್ದು ಅಣು ಪದರವನ್ನು ಮಾತ್ರ. ಅದರಲ್ಲೂ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನುಗಳು ರದ್ದಾಗಲಿಲ್ಲ. ಅಧ್ಯಕ್ಷರು 120 ಅಥವಾ 180 ದಿನಕ್ಕೊಮ್ಮೆ ಸಹಿ ಹಾಕಿ ಅವನ್ನು ಅಮಾನತಿನಲ್ಲಿ ಇಡುತ್ತಿದ್ದರು, ಅಷ್ಟೇ. ನಾಲ್ಕು ತಿಂಗಳಿಗೊಮ್ಮೆ ಸಾಯಬಹುದಾದ ವಿನಾಯಿತಿ ನೆಚ್ಚಿಕೊಂಡು ಯಾವ ಕಂಪನಿ ಇಪ್ಪತ್ತು ವರ್ಷದ ಹೂಡಿಕೆ ಮಾಡುತ್ತದೆ? ಡಾಲರಿನ ಬಾಗಿಲಂತೂ ತೆರೆಯಲೇ ಇಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಡಾಲರಿನಲ್ಲಿ ವ್ಯಾಪಾರ ಮಾಡಿದರೂ ಆ ಹಣ ಸಾಮಾನ್ಯವಾಗಿ ಅಮೆರಿಕದ ಬ್ಯಾಂಕೊಂದರ ಮೂಲಕ ಹಾದುಹೋಗಬೇಕು. ಹಾದುಹೋದರೆ ಅಮೆರಿಕದ ಕಾನೂನಿನ ಕೈಗೆ ಸಿಗುತ್ತದೆ. ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು ಸುಡಾನ್, ಇರಾನ್, ಕ್ಯೂಬಾ ವ್ಯವಹಾರಗಳಿಗಾಗಿ 2014ರಲ್ಲಿ ಸುಮಾರು 890 ಕೋಟಿ ಡಾಲರ್ ದಂಡ ತೆತ್ತಿತ್ತು. ಆ ದಂಡದ ನೆನಪು ಹಸಿಯಾಗಿರುವಾಗ, ಇನ್ನು ವ್ಯಾಪಾರ ಮಾಡಿ ಎಂದು ಮಂತ್ರಿಗಳು ಹೇಳಿದರೆ ಬ್ಯಾಂಕಿನ ವಕೀಲರು ಕೇಳುತ್ತಾರೆಯೇ? ಫ್ರಾನ್ಸಿನದ್ದೇ ಟೊಟಾಲ್ ಕಂಪನಿ 2017ರಲ್ಲಿ ಸೌತ್ ಪಾರ್ಸ್ ಅನಿಲ ನಿಕ್ಷೇಪಕ್ಕೆ ಸಹಿ ಹಾಕಿ, ಮರುವರ್ಷವೇ ಗಂಟುಮೂಟೆ ಕಟ್ಟಿತು. ಡಾಲರನ್ನು ತಪ್ಪಿಸಿ ವ್ಯಾಪಾರ ಮಾಡಲು ಯುರೋಪ್ 2019ರಲ್ಲಿ ಇನ್‌ಸ್ಟೆಕ್ಸ್ ಎಂಬ ವ್ಯವಸ್ಥೆ ಹುಟ್ಟುಹಾಕಿತು. ಒಂದೇ ಒಂದು ವ್ಯವಹಾರ, ಅದೂ ವೈದ್ಯಕೀಯ ಸಾಮಗ್ರಿಯದ್ದು, ಮಾಡಿ 2023ರಲ್ಲಿ ಮುಚ್ಚಿಹೋಯಿತು.

ಔಷಧದ ಮೇಲೆ ನಿರ್ಬಂಧವಿಲ್ಲ ಎಂದು ಅಮೆರಿಕ ಯಾವತ್ತೂ ಹೇಳುತ್ತದೆ. ಕಾಗದದ ಮೇಲೆ ನಿಜ. ಹಣ ಕಳಿಸಲು ಬ್ಯಾಂಕೇ ಒಪ್ಪದಿದ್ದರೆ ಔಷಧ ಬರುವುದು ಹೇಗೆ? ಮುಟ್ಟಿದರೆ ಚರ್ಮ ಸುಲಿಯುವ ಅಪರೂಪದ ಕಾಯಿಲೆಯ ಮಕ್ಕಳಿಗೆ ಬೇಕಾದ ವಿಶೇಷ ಪಟ್ಟಿಯನ್ನು ಸ್ವೀಡನ್ನಿನ ಕಂಪನಿಯೊಂದು 2018ರ ನಂತರ ಇರಾನಿಗೆ ಕಳಿಸುವುದನ್ನು ನಿಲ್ಲಿಸಿತು. ಅದೇ ಹೊತ್ತಿಗೆ ಕಳ್ಳಮಾರ್ಗದ ತೈಲ, ಬೇನಾಮಿ ಕಂಪನಿ, ಗಡಿಯಾಚೆಯ ಸರಕು ಎಲ್ಲದರ ಮೇಲೆ ಹಿಡಿತ ಇದ್ದ ರೆವಲ್ಯೂಷನರಿ ಗಾರ್ಡ್ ಎಂಬ ಇರಾನಿನ ಸೇನಾಪಡೆ ಕೊಬ್ಬಿತು. ಯಾರನ್ನು ಬಗ್ಗಿಸಲು ನಿರ್ಬಂಧ ಹೇರಿದ್ದೋ ಅವರೇ ನಿರ್ಬಂಧದ ವ್ಯಾಪಾರಿಗಳಾದರು.

ನಿರ್ಬಂಧದ ಈ ನೆರಳು ಮಂಗಳೂರಿನವರೆಗೂ ಚಾಚಿತ್ತು. ಎಂಆರ್‌ಪಿಎಲ್ ಒಂದು ಕಾಲಕ್ಕೆ ಭಾರತದಲ್ಲಿ ಇರಾನ್ ಕಚ್ಚಾತೈಲದ ಅತಿ ದೊಡ್ಡ ಗಿರಾಕಿ. ಸಾಲದ ಗಡುವು ಉದ್ದ, ಸಾಗಣೆ ಅಗ್ಗ, ಆ ತೈಲ ಸಂಸ್ಕರಣಾಗಾರಕ್ಕೂ ಹೊಂದುತ್ತಿತ್ತು. (ಆ ಕರಾವಳಿಗೂ ಇರಾನಿಗೂ ನಂಟು ಇನ್ನೂ ಹಳೆಯದು. ಕುದುರೆಮುಖದ ಅದಿರಿಗೆ ಶಹಾನ ಇರಾನ್ ಸಾಲ ಕೊಟ್ಟು ಗಣಿ ತೆರೆಸಿತ್ತು, ಅದಿರು ಹೊರಡುವ ಹೊತ್ತಿಗೆ ಶಹಾನೇ ಇರಲಿಲ್ಲ.) 2012ರಲ್ಲಿ ಯುರೋಪ್ ತೈಲದ ಜತೆಗೆ ವಿಮೆಯನ್ನೂ ನಿಷೇಧಿಸಿತು. ದೊಡ್ಡ ತೈಲ ಹಡಗುಗಳಿಗೆಲ್ಲ ವಿಮೆ ಸಿಗುವುದು ಹೆಚ್ಚಾಗಿ ಯುರೋಪಿನಲ್ಲೇ. ಹಡಗಿನ ಗಂಡಾಂತರ ಹೇಗೋ ನಿಭಾಯಿಸಿದ ಮೇಲೆ, ಇರಾನ್ ತೈಲ ಸಂಸ್ಕರಿಸುವ ಕಾರ್ಖಾನೆಗೇ ವಿಮೆ ಕೊಡಲು ಕಂಪನಿಗಳು ಹಿಂಜರಿದವು, ಮರುವಿಮೆ ಮಾಡುವ ಯುರೋಪಿನವರು ಒಪ್ಪುತ್ತಿರಲಿಲ್ಲ. 2013ರಲ್ಲಿ ಎಂಆರ್‌ಪಿಎಲ್ ಕೆಲವು ತಿಂಗಳು ಇರಾನ್ ತೈಲ ತರಿಸುವುದನ್ನೇ ನಿಲ್ಲಿಸಬೇಕಾಯಿತು. ಟೆಹರಾನ್, ವಾಷಿಂಗ್ಟನ್ ಜಗಳ ಪಣಂಬೂರಿನ ಬಂದರಿಗೆ ಬಂದದ್ದು ಯುದ್ಧನೌಕೆಯಾಗಿ ಅಲ್ಲ, ವಿಮಾ ಪಾಲಿಸಿಯ ಒಂದು ಷರತ್ತಾಗಿ.

ಹಣ ಕೊಡುವುದೂ ಅಷ್ಟೇ ಪೇಚಾಟ. ಬಾಕಿಯಲ್ಲಿ ಶೇ 45ರಷ್ಟನ್ನು ಯೂಕೋ ಬ್ಯಾಂಕಿನ ಖಾತೆಗೆ ರೂಪಾಯಿಯಲ್ಲಿ ಕಟ್ಟುವ ಏರ್ಪಾಡು 2012ರಲ್ಲಿ ಆಯಿತು. ಆ ರೂಪಾಯಿಯಲ್ಲಿ ಇರಾನ್ ಬಾಸ್ಮತಿ, ಚಹಾ, ಔಷಧ ಕೊಂಡಿತು. ಮಿಕ್ಕ ಹಣಕ್ಕೆ ದಾರಿಯೇ ಇಲ್ಲದೆ ಬಾಕಿ ಬೆಳೆಯುತ್ತ ಹೋಗಿ, 2016ರ ತೆರವಿನ ನಂತರ ತೀರಿತು. ಟ್ರಂಪ್ ಮರಳಿ ನಿರ್ಬಂಧ ಹೇರಿದಾಗ ಭಾರತ ಸೇರಿ ಎಂಟು ಕಡೆಯವರಿಗೆ ಆರು ತಿಂಗಳ ವಿನಾಯಿತಿ ಸಿಕ್ಕಿತ್ತು. 2019ರ ಮೇ 2ಕ್ಕೆ ಅದೂ ಮುಗಿದು ದಿಲ್ಲಿ ಇರಾನ್ ತೈಲ ಕೊಳ್ಳುವುದನ್ನು ಬಿಟ್ಟಿತು. ವಿಶ್ವಸಂಸ್ಥೆಯ ನಿರ್ಬಂಧ ಮಾತ್ರ ಪಾಲಿಸುತ್ತೇವೆ ಎಂದು ಭಾರತ ಬಾಯಲ್ಲಿ ಹೇಳುತ್ತ ಬಂದಿದ್ದರೂ, ಕೊನೆಗೆ ಪಾಲಿಸಿದ್ದು ಅಮೆರಿಕದ್ದನ್ನು. ಅಣುಶಕ್ತಿ ಸಂಸ್ಥೆಯ ಮಂಡಳಿಯಲ್ಲಿ 2005ರ ಸೆಪ್ಟೆಂಬರಿನಲ್ಲಿ ಭಾರತ ಇರಾನಿನ ವಿರುದ್ಧ ಮತ ಹಾಕಿದ್ದೂ ಅಮೆರಿಕದ ಜತೆ ನಮ್ಮ ಅಣು ಒಪ್ಪಂದ ಕುದುರುತ್ತಿದ್ದ ಹೊತ್ತಿನಲ್ಲೇ.

ನಿರ್ಬಂಧ ಏನು ಮಾಡುತ್ತದೆ, ಏನು ಮಾಡಲಾರದು ಎನ್ನುವುದು ಬೆಂಗಳೂರಿಗೆ ಹೊಸದೇನಲ್ಲ. 1998ರ ಪೋಖ್ರಾನ್ ಸ್ಫೋಟದ ಹಿಂದೆಯೇ ಅಮೆರಿಕದ ನಿರ್ಬಂಧ ಬಂತು. ಹಗುರ ಯುದ್ಧ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಜತೆ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸು ಕಳಿಸಲಾಯಿತು. ಕೆಲಸ ಬೆಂಗಳೂರಿನಲ್ಲಿ ಮುಂದುವರಿದು 2001ರ ಜನವರಿ 4ರಂದು ಎಚ್‌ಎಎಲ್ ನಿಲ್ದಾಣದಿಂದ ವಿಮಾನ ಮೊದಲ ಸಲ ಹಾರಿತು. ವಿಳಂಬವಾಯಿತು, ಖರ್ಚು ಹೆಚ್ಚಿತು, ಕೆಲಸ ನಿಲ್ಲಲಿಲ್ಲ. ಕಲಿತ ವಿದ್ಯೆಯನ್ನು ನಿರ್ಬಂಧ ಕಸಿಯಲಾರದು. ಇನ್ನೊಂದು ಕಡೆ ಭಾರತದ ಪರ ಜಸ್ವಂತ್ ಸಿಂಗ್ ಮತ್ತು ಅಮೆರಿಕದ ಪರ ಸ್ಟ್ರೋಬ್ ಟಾಲ್ಬಟ್ ಸುತ್ತಿನ ಮೇಲೆ ಸುತ್ತು ಮಾತಾಡಿದರು. ನಿರ್ಬಂಧ ಸಡಿಲಿಸುವ ಅಧಿಕಾರವನ್ನು ಅಮೆರಿಕದ ಕಾಂಗ್ರೆಸ್ ಕೆಲವೇ ತಿಂಗಳಲ್ಲಿ ಅಧ್ಯಕ್ಷರ ಕೈಗೆ ಕೊಟ್ಟಿತು, 2001ರ ಸೆಪ್ಟೆಂಬರಿನಲ್ಲಿ ಬಹುಪಾಲು ತೆರವಾಯಿತು. ಭಾರತ ಒಂದು ಬಾಂಬನ್ನೂ ಕಳಚಲಿಲ್ಲ. ಇರಾನಿಯರು ಇದನ್ನು ಎತ್ತಿ ಆಡುವುದುಂಟು: ಪ್ರಸರಣ ತಡೆ ಒಪ್ಪಂದಕ್ಕೆ ಸಹಿಯೇ ಹಾಕದೆ ಬಾಂಬು ಮಾಡಿದ ಭಾರತಕ್ಕೆ 2008ರಲ್ಲಿ ಅಣು ವ್ಯಾಪಾರದ ವಿಶೇಷ ವಿನಾಯಿತಿ, ಸಹಿ ಹಾಕಿದ ನಮಗೆ ಶಿಕ್ಷೆ. ಈ ಮಾತಿನಲ್ಲಿ ಕಹಿ ಸತ್ಯವಿದೆ. ಆದರೆ ಸಹಿ ಹಾಕದಿರುವುದು ಬೇರೆ, ಹಾಕಿ ಮುಚ್ಚಿಡುವುದು ಬೇರೆ, ಅದನ್ನೂ ಹೇಳಬೇಕು.

ತೆಗೆಯಲು ಮನಸ್ಸಿದ್ದರೂ ತೆಗೆಯಲಾಗದ ಸ್ಥಿತಿ ಎಷ್ಟು ವಿಚಿತ್ರ ಎನ್ನುವುದಕ್ಕೆ ಉತ್ತರ ಕೊರಿಯಾದ ಒಂದು ಪ್ರಸಂಗ ಸಾಕು. 2005ರ ಸೆಪ್ಟೆಂಬರ್ 19ರಂದು ಬೀಜಿಂಗಿನಲ್ಲಿ ಆರು ದೇಶಗಳ ಜಂಟಿ ಹೇಳಿಕೆ ಬಂತು, ಅಣು ಕಾರ್ಯಕ್ರಮ ಕೈಬಿಡಲು ಉತ್ತರ ಕೊರಿಯಾ ತಾತ್ವಿಕವಾಗಿ ಒಪ್ಪಿತ್ತು. ಅದೇ ವಾರ ಅಮೆರಿಕದ ಹಣಕಾಸು ಇಲಾಖೆ ಮಕಾವಿನ ಬಾಂಕೊ ಡೆಲ್ಟಾ ಏಷ್ಯಾ ಎಂಬ ಸಣ್ಣ ಬ್ಯಾಂಕಿನ ಮೇಲೆ ಬೊಟ್ಟು ಮಾಡಿತು, ಅಲ್ಲಿದ್ದ ಉತ್ತರ ಕೊರಿಯಾದ ಎರಡೂವರೆ ಕೋಟಿ ಡಾಲರ್ ಜಪ್ತಿಯಾಯಿತು. ಒಂದು ಇಲಾಖೆ ಕೈ ಕುಲುಕುತ್ತಿದ್ದರೆ ಇನ್ನೊಂದು ಜೇಬಿಗೆ ಕೈಹಾಕಿತ್ತು. ಮಾತುಕತೆ ಮುರಿಯಿತು. 2006ರ ಅಕ್ಟೋಬರ್ 9ರಂದು ಮೊದಲ ಅಣು ಪರೀಕ್ಷೆ ನಡೆಯಿತು. 2007ರಲ್ಲಿ ಹಣ ಹಿಂದಿರುಗಿಸಲು ಅಮೆರಿಕ ಒಪ್ಪಿದಾಗ ಅದನ್ನು ಮುಟ್ಟಲು ಯಾವ ಬ್ಯಾಂಕೂ ಮುಂದೆ ಬರಲಿಲ್ಲ. ಕೊನೆಗೆ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಮೂಲಕವೇ ಹಾಯಿಸಿ ರಷ್ಯಾದ ಬ್ಯಾಂಕಿಗೆ ತಲುಪಿಸಬೇಕಾಯಿತು. ಇನ್ನು ಲಿಬಿಯಾ: 2003ರ ಡಿಸೆಂಬರಿನಲ್ಲಿ ಗಡಾಫಿ ತನ್ನ ಕಾರ್ಯಕ್ರಮವನ್ನು ಪೂರ್ತಿ ಒಪ್ಪಿಸಿದ, ನಿರ್ಬಂಧವೂ ಹೋಯಿತು. 2011ರಲ್ಲಿ ನೇಟೊ ಬಾಂಬುಗಳ ಅಡಿಯಲ್ಲಿ ಅವನೂ ಅವನ ಆಡಳಿತವೂ ಮುಗಿದವು. ಟೆಹರಾನ್, ಪ್ಯೊಂಗ್ಯಾಂಗ್ ಎರಡೂ ಕಡೆ ಈ ಪಾಠವನ್ನು ಮರೆತವರಿಲ್ಲ.

2018ರ ನಂತರದ್ದನ್ನು ಬೇಗ ಹೇಳಬಹುದು, ಏಕೆಂದರೆ ಆದದ್ದೆಲ್ಲ ಊಹಿಸಬಹುದಾದದ್ದೇ. ಟ್ರಂಪ್ ‘ಗರಿಷ್ಠ ಒತ್ತಡ’ ಎಂದರು. ಇರಾನ್ ಒಂದು ವರ್ಷ ಕಾದು ನೋಡಿ 2019ರ ಮಧ್ಯದಿಂದ ಮಿತಿಗಳನ್ನು ಒಂದೊಂದಾಗಿ ದಾಟಿತು. ಇರಾನಿನ ಅಣು ವಿಜ್ಞಾನಿ ಮೊಹ್ಸೆನ್ ಫಖ್ರಿಜಾದೆ ಕೊಲೆಯಾದ ಮುಂದಿನ ತಿಂಗಳೇ ಇರಾನಿನ ಸಂಸತ್ತು ಪುಷ್ಟೀಕರಣ ಏರಿಸುವ ಕಾನೂನು ಮಾಡಿತು. 2021ರ ಜನವರಿಯಲ್ಲಿ ಶೇ 20, ನತಾಂಜ್‌ನಲ್ಲಿ ವಿಧ್ವಂಸಕ ಕೃತ್ಯ ನಡೆದ ಮೇಲೆ ಏಪ್ರಿಲ್‌ನಲ್ಲಿ ಶೇ 60. ತೈಲ ರಫ್ತು 2020ರಲ್ಲಿ ಪಾತಾಳ ಕಂಡು, 2024ರ ಹೊತ್ತಿಗೆ ದಿನಕ್ಕೆ 15 ಲಕ್ಷ ಬ್ಯಾರೆಲ್ ಆಸುಪಾಸಿಗೆ ಚೇತರಿಸಿಕೊಂಡಿತು, ಬಹುತೇಕ ಎಲ್ಲವೂ ಚೀನಾಕ್ಕೆ, ಹೆಸರು ಬದಲಿಸಿದ ಮುದಿ ಹಡಗುಗಳಲ್ಲಿ.

ಒಪ್ಪಂದವನ್ನು ಮತ್ತೆ ಬದುಕಿಸಲು ಜೋ ಬೈಡನ್ ಕಾಲದಲ್ಲಿ ನಡೆದ ವಿಯೆನ್ನಾ ಮಾತುಕತೆ ಮುರಿದುಬಿದ್ದದ್ದರಲ್ಲಿ ನನ್ನ ವಾದದ ತಿರುಳೇ ಇದೆ. ಮುಂದಿನ ಅಧ್ಯಕ್ಷರು ಮತ್ತೆ ಹೊರನಡೆಯುವುದಿಲ್ಲ ಎಂದು ಬರೆದುಕೊಡಿ ಎಂದು ಇರಾನ್ ಕೇಳಿತು. ಬರೆದುಕೊಡುವ ಅಧಿಕಾರ ಬೈಡನ್‌ಗೆ ಇರಲಿಲ್ಲ. ಅದರ ಮೇಲೆ ಹಿಂದಿನ ಸರ್ಕಾರ ಇರಾನಿನ ಕೇಂದ್ರ ಬ್ಯಾಂಕನ್ನೂ ರೆವಲ್ಯೂಷನರಿ ಗಾರ್ಡನ್ನೂ 2019ರಲ್ಲಿ ಭಯೋತ್ಪಾದನೆಯ ಪಟ್ಟಿಗೆ ಸೇರಿಸಿ ಹೋಗಿತ್ತು. ಅಣು ವಿವಾದ ಬಗೆಹರಿದರೂ ಬಿಚ್ಚಿಕೊಳ್ಳದ ಗಂಟು ಇದು. ‘ಭಯೋತ್ಪಾದಕರನ್ನು ಪಟ್ಟಿಯಿಂದ ತೆಗೆದವರು’ ಎನಿಸಿಕೊಳ್ಳಲು ವಾಷಿಂಗ್ಟನ್ನಿನ ಯಾವ ರಾಜಕಾರಣಿಯೂ ತಯಾರಿಲ್ಲ. ಟೆಹರಾನಿನ ತಪ್ಪೂ ಇತ್ತು. ತುರ್ಕುಜಾಬಾದ್ ಮತ್ತು ವರಾಮಿನ್ ಎಂಬ ಅಘೋಷಿತ ಜಾಗಗಳಲ್ಲಿ ಸಿಕ್ಕ ಯುರೇನಿಯಂ ಕಣಗಳು ಎಲ್ಲಿಂದ ಬಂದವು ಎನ್ನುವುದಕ್ಕೆ ಅದು ನಂಬುವಂಥ ಉತ್ತರ ಕೊಡಲೇ ಇಲ್ಲ. ರೂಹಾನಿ ಇದ್ದಾಗ ಸಿಗಬಹುದಾಗಿದ್ದ ಒಪ್ಪಂದವನ್ನು ಎಳೆದಾಡಿ ಮುಂದಿನ ಅಧ್ಯಕ್ಷ ಇಬ್ರಾಹಿಂ ರಯಿಸಿ ಕಾಲಕ್ಕೆ ದೂಡಿತು, ಆಮೇಲೆ ಉಕ್ರೇನ್ ಯುದ್ಧ ಶುರುವಾಗಿ ಎಲ್ಲರ ಗಮನ ಬೇರೆಡೆಗೆ ಹೋಯಿತು.

2025ರ ಏಪ್ರಿಲ್ 12ರಂದು ಒಮಾನಿನ ಮಸ್ಕತ್‌ನಲ್ಲಿ ಟ್ರಂಪ್ ದೂತ ಸ್ಟೀವ್ ವಿಟ್‌ಕಾಫ್ ಮತ್ತು ಇರಾನಿನ ವಿದೇಶಾಂಗ ಸಚಿವ ಅಬ್ಬಾಸ್ ಅರಾಗ್ಚಿ ನಡುವೆ ಮಾತು ಮತ್ತೆ ಶುರುವಾಯಿತು. ಕೆಲವೇ ದಿನಗಳಲ್ಲಿ ವಿಟ್‌ಕಾಫ್ ಒಮ್ಮೆ ಶೇ 3.67ರ ಮಾತಾಡಿ, ಮರುದಿನ ಪುಷ್ಟೀಕರಣವೇ ಕೂಡದು ಎಂದರು. ಹನ್ನೆರಡು ವರ್ಷದ ಹಿಂದೆ ಒಮಾನಿನಲ್ಲೇ ಬಿಟ್ಟಿದ್ದ ‘ಸೊನ್ನೆ’ ಒಮಾನ್ ಮಧ್ಯಸ್ಥಿಕೆಯ ಮಾತುಕತೆಯಲ್ಲೇ ಮರಳಿ ಬಂತು. ಆರನೇ ಸುತ್ತು ಜೂನ್ 15ಕ್ಕೆ ನಿಗದಿಯಾಗಿತ್ತು. ಜೂನ್ 13ರಂದು ಇಸ್ರೇಲ್ ದಾಳಿ ಮಾಡಿತು, 22ರಂದು ಅಮೆರಿಕ ಫೋರ್ದೊ, ನತಾಂಜ್, ಇಸ್ಫಹಾನ್ ಮೇಲೆ ಬಾಂಬು ಹಾಕಿತು, 24ಕ್ಕೆ ಕದನವಿರಾಮ. ದಾಳಿ ಶುರುವಾದ ದಿನ ಇರಾನಿನ ಬಳಿ ಶೇ 60ರ ಯುರೇನಿಯಂ 440 ಕೆ.ಜಿ.ಗೂ ಹೆಚ್ಚಿತ್ತು ಎಂಬುದು ಅಣುಶಕ್ತಿ ಸಂಸ್ಥೆಯ ಲೆಕ್ಕ. ಅದರದ್ದೇ ಅಳತೆಗೋಲಿನಂತೆ ಇನ್ನಷ್ಟು ಪುಷ್ಟೀಕರಿಸಿದರೆ ಸುಮಾರು ಹತ್ತು ಬಾಂಬಿಗೆ ಸಾಕು. 2015ರ ಒಪ್ಪಂದ ಜಾರಿಯಲ್ಲಿದ್ದಾಗ ಈ ಮಟ್ಟದ ಯುರೇನಿಯಂ ಒಂದು ಗ್ರಾಮೂ ಇರಲಿಲ್ಲ. ಬಾಂಬು ಬಿದ್ದ ಮೇಲೆ ಇರಾನ್ ಸಂಸ್ಥೆಯ ಜತೆಗಿನ ಸಹಕಾರವನ್ನು ಅಮಾನತಿನಲ್ಲಿಟ್ಟಿತು, ತನಿಖಾಧಿಕಾರಿಗಳು ದೇಶ ಬಿಟ್ಟರು. ಯಂತ್ರಗಳನ್ನು ಬಾಂಬು ಒಡೆಯಬಲ್ಲದು, ದಾಸ್ತಾನು ಎಲ್ಲಿದೆ ಎಂದು ಎಣಿಸಿ ಹೇಳಲಾರದು.

ಉಳಿದಿದ್ದ ಕೊನೆಯ ಅಸ್ತ್ರ ಯುರೋಪಿನದು. 2015ರ ಒಪ್ಪಂದಕ್ಕೆ ಮುದ್ರೆ ಒತ್ತಿದ ಭದ್ರತಾ ಮಂಡಳಿಯ 2231ನೇ ನಿರ್ಣಯದಲ್ಲಿ ಒಂದು ಜಾಣ ಷರತ್ತು ಇತ್ತು. ಪಾಲುದಾರ ದೇಶವೊಂದು ದೂರು ಕೊಟ್ಟರೆ 30 ದಿನದೊಳಗೆ, ನಿರ್ಬಂಧದ ತೆರವು ಮುಂದುವರಿಯಲಿ ಎಂಬ ನಿರ್ಣಯ ಪಾಸಾಗಬೇಕು. ಆಗದಿದ್ದರೆ ಹಳೆಯ ನಿರ್ಬಂಧ ತಾನಾಗಿ ವಾಪಸು. ಅಂದರೆ ರಷ್ಯಾ, ಚೀನಾ ವಿಟೊ ಚಲಾಯಿಸಿ ತಡೆಯಲು ದಾರಿಯೇ ಇಲ್ಲ. ಹೇರುವುದನ್ನು ಇಷ್ಟು ನಾಜೂಕಾಗಿ, ಯಾರ ಅಪ್ಪಣೆಯೂ ಬೇಡದಂತೆ ರೂಪಿಸಿದವರು, ತೆರವಿಗೆ ಅದರ ಅರ್ಧದಷ್ಟೂ ಖಾತರಿ ಬರೆದಿರಲಿಲ್ಲ. ಹೊರನಡೆದ ಅಮೆರಿಕವೇ 2020ರಲ್ಲಿ ಈ ಷರತ್ತು ಬಳಸಲು ಹೋಗಿ ಮಂಡಳಿಯ 15 ಸದಸ್ಯರಲ್ಲಿ 13 ಮಂದಿಯಿಂದ ಬೇಡ ಅನ್ನಿಸಿಕೊಂಡಿತ್ತು. 2025ರ ಆಗಸ್ಟ್ 28ರಂದು ಬ್ರಿಟನ್, ಫ್ರಾನ್ಸ್, ಜರ್ಮನಿ ಅದೇ ಷರತ್ತಿನಡಿ ದೂರು ಕೊಟ್ಟವು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ನಿರ್ಬಂಧಗಳೆಲ್ಲ ಮರಳಿದವು. 2015ರಲ್ಲಿ ಡಾಲರಿಗೆ 32 ಸಾವಿರದ ಆಸುಪಾಸಿನಲ್ಲಿದ್ದ ರಿಯಾಲ್ 11 ಲಕ್ಷ ದಾಟಿತು. ಭಾರತ ಹತ್ತು ವರ್ಷಕ್ಕೆ ಗುತ್ತಿಗೆ ಹಿಡಿದಿದ್ದ ಇರಾನಿನ ಚಾಬಹಾರ್ ಬಂದರಿಗೆ ಇದ್ದ ವಿನಾಯಿತಿಯನ್ನೂ ಅಮೆರಿಕ ಅದೇ ವಾರ ಕಿತ್ತುಕೊಂಡು, ಆಮೇಲೆ ಆರು ತಿಂಗಳಿಗೆ ಮರಳಿ ಕೊಟ್ಟಿತು.

ಇದರೊಂದಿಗೆ ಯುರೋಪ್ ತನ್ನ ಕೈಯಲ್ಲಿದ್ದ ಕೊನೆಯ ಎಲೆಯನ್ನೂ ಇಳಿಸಿಬಿಟ್ಟಿತು. ಮರಳಿದ ನಿರ್ಬಂಧಕ್ಕೆ ಮಾನ್ಯತೆಯೇ ಇಲ್ಲ ಎಂದು ರಷ್ಯಾ, ಚೀನಾ ಹೇಳುತ್ತವೆ. ಹಾಗಾಗಿ ಇರಾನ್ ನಿಜವಾಗಿ ಬಯಸುವ ತೆರವು, ಅಂದರೆ ಬ್ಯಾಂಕು, ಡಾಲರು, ತೈಲ, ಅಮೆರಿಕದ ಕಾಂಗ್ರೆಸ್ ಮಾಡಿದ ಕಾನೂನುಗಳ ಒಳಗೆ ಕೂತಿದೆ. ಅಧ್ಯಕ್ಷರ ಸಹಿ ಅದನ್ನು ಮತ್ತೆ ನಾಲ್ಕು ತಿಂಗಳಿಗೆ ಅಮಾನತಿನಲ್ಲಿಡಬಲ್ಲದು. ಕಾಯಂ ತೆಗೆಯಬೇಕಿದ್ದರೆ ಎರಡೂ ಸದನಗಳು ಕಾನೂನು ತಿದ್ದಬೇಕು. ಹೊಸ ಒಪ್ಪಂದಕ್ಕೆ ಸಂಧಿಯ ಗಟ್ಟಿತನ ಬೇಕಿದ್ದರೆ ಸೆನೆಟ್ಟಿನಲ್ಲಿ 67 ಮತ ಬೇಕು. 2015ರ ಒಪ್ಪಂದವನ್ನು ಬರಾಕ್ ಒಬಾಮಾ ಸೆನೆಟ್ಟಿಗೆ ಸಂಧಿಯಾಗಿ ಒಯ್ಯಲೇ ಇಲ್ಲ, ಆ 67 ಅವರ ಬಳಿ ಇರಲಿಲ್ಲ. ಅಷ್ಟು ಮತ ಕೂಡಿಸಬಲ್ಲ ಅಧ್ಯಕ್ಷರು ಯಾವ ಪಕ್ಷದಿಂದ ಬರುತ್ತಾರೋ, ಅವರು ಮುಂದಿಡುವ ಶೇಕಡಾವಾರು ಮಿತಿ ಎಷ್ಟೇ ಇರಲಿ, ಟೆಹರಾನ್ ಮೊದಲು ಕೇಳುವ ಪ್ರಶ್ನೆ ಆ ಲೆಕ್ಕದ್ದೇ ಆಗಿರುತ್ತದೆ.